ಸೂಯೆಜ್ ಕಾಲುವೆ ಮತ್ತು ಫ್ರಾವ್ ಕೆ. ಅವರ ಇಂಗ್ಲಿಷ್: ನ್ಯೂರೆಂಬರ್ಗ್‌ನ ಒಂದು ಪ್ರಕರಣ

ಮೊದಲ ದಿನ ಆಕೆ ನನ್ನ ಮೇಜಿನ ಮೇಲೆ ಒಂದು ನೀಲಿ ಫೈಲ್ ಇಟ್ಟರು. ಒಳಗೆ ಎಲ್ಲಾ ಅಚ್ಚುಕಟ್ಟು. ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ, ಹುಟ್ಟಿದ ತಾರೀಕು, ಹುಟ್ಟಿದ ಊರು, ಮದುವೆಯಾಗಿದೆ, ಇಬ್ಬರು ಮಕ್ಕಳು, ಆಮೇಲೆ ಶಾಲೆಯಿಂದ ಶುರುವಾಗಿ ಒಂದು ತಿಂಗಳೂ ಖಾಲಿ ಬಿಡದ ಕೋಷ್ಟಕ, ಕೊನೆಯಲ್ಲಿ ಊರು, ತಾರೀಕು, ಶಾಯಿಯ ಸಹಿ. ಈ ಫೈಲಿನ 34 ಪ್ರತಿಗಳು ಆಗಲೇ 34 ಕಂಪನಿಗಳಿಗೆ ಹೋಗಿದ್ದವು. ಇಂಟರ್‌ವ್ಯೂಗೆ ಕರೆದದ್ದು ಎರಡೇ ಕಡೆ. ಎರಡರಲ್ಲೂ ಮಾತು ಇಂಗ್ಲಿಷಿಗೆ ತಿರುಗಿದ ಕೂಡಲೇ ತಾನು ಕಲ್ಲಿನ ಹಾಗೆ ಕೂತುಬಿಟ್ಟೆ ಅಂದರು.

ಇವರನ್ನು ಇಲ್ಲಿ ಫ್ರಾವ್ ಕೆ. ಅಂತ ಕರೆಯುತ್ತೇನೆ. ಫ್ರಾವ್ ಅಂದರೆ ನಮ್ಮ ಶ್ರೀಮತಿ ಇದ್ದ ಹಾಗೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ನಾನು ದಾವಣಗೆರೆಯವಳು. ನ್ಯೂರೆಂಬರ್ಗ್‌ನಲ್ಲಿ ಕೆಲಸ ಕಳೆದುಕೊಂಡ ದೊಡ್ಡವರಿಗೆ ಬಿಸಿನೆಸ್ ಇಂಗ್ಲಿಷ್ ಮತ್ತು ಕೆಲಸ ಹುಡುಕುವ ಬಗೆ ಕಲಿಸುತ್ತೇನೆ. ಜರ್ಮನಿಯಲ್ಲಿ ಇದಕ್ಕೆ ಒಂದು ವ್ಯವಸ್ಥೆ ಇದೆ. ಉದ್ಯೋಗ ಕಚೇರಿಯವರು ಬಿಲ್ಡುಂಗ್ಸ್‌ಗುಟ್‌ಶೈನ್ ಅಂತ ಒಂದು ತರಬೇತಿ ಚೀಟಿ ಕೊಡುತ್ತಾರೆ, ಅದನ್ನು ಹಿಡಿದು ಸರ್ಕಾರದ ಮಾನ್ಯತೆ ಇರುವ ಯಾವುದಾದರೂ ಸಂಸ್ಥೆಗೆ ಹೋದರೆ ಫೀಸು ಕಚೇರಿಯೇ ಕಟ್ಟುತ್ತದೆ. ಪಾಠದ ಲೆಕ್ಕ 45 ನಿಮಿಷಕ್ಕೊಂದು. ನನ್ನ ಸಂಬಳದ ಲೆಕ್ಕವೂ ಅದೇ. ನಮ್ಮದು ಹನ್ನೆರಡು ವಾರದ ಕೋರ್ಸ್, 2024ರ ಜನವರಿಯಲ್ಲಿ ಶುರು, ಒಂಬತ್ತು ಜನ. ಮೊದಲ ದಿನ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಗ್ಲಿಷ್ ಮಾತೃಭಾಷೆಯ ಟೀಚರ್ ಯಾವಾಗ ಬರ್ತಾರೆ?" ಅಂತ ಕೇಳಿದರು. ಬರಲ್ಲ, ನಾನೇ ಅಂದೆ. ಇದು ಮುಂದೆ ಕೆಲಸಕ್ಕೆ ಬಂತು, ಹೇಳುತ್ತೇನೆ.

ಫ್ರಾವ್ ಕೆ. ಹುಟ್ಟಿದ್ದು 1971ರಲ್ಲಿ, ಪೂರ್ವ ಜರ್ಮನಿಯ ತುರಿಂಗಿಯಾದಲ್ಲಿ. ಅಲ್ಲಿ ಐದನೇ ತರಗತಿಯಿಂದ ಎಲ್ಲರಿಗೂ ರಷ್ಯನ್ ಕಡ್ಡಾಯ. ಇನ್ನೊಂದು ವಿದೇಶಿ ಭಾಷೆ ಬೇಕಿದ್ದವರು ಏಳನೇ ತರಗತಿಯಿಂದ ತಗೋಬಹುದಿತ್ತು. ಈಕೆ ತಗೊಂಡಿರಲಿಲ್ಲ. "ಯಾರ ಜೊತೆ ಮಾತಾಡೋಕೆ? ಗಡಿ ದಾಟೋ ಹಾಗಿರಲಿಲ್ಲವಲ್ಲ" ಅಂದರು. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆಯಿತು. ಮುಂದಿನ ವರ್ಷ ಈ ಕಡೆ ಬಂದು ಮೂರು ವರ್ಷದ ಔಸ್‌ಬಿಲ್ಡುಂಗ್ ಮುಗಿಸಿದರು. ಅಂದರೆ ವಾರದಲ್ಲಿ ಕೆಲವು ದಿನ ಕಂಪನಿ, ಕೆಲವು ದಿನ ಶಾಲೆ, ಕೊನೆಗೆ ವಾಣಿಜ್ಯ ಮಂಡಳಿಯ ಪರೀಕ್ಷೆ. 1996ರಿಂದ 27 ವರ್ಷ ಒಂದೇ ಕಂಪನಿ, ಕಾರಿನ ಬಿಡಿಭಾಗ ಮಾಡುವ ಜಾಗ, ಪರ್ಚೇಸ್ ವಿಭಾಗ. 2023ರಲ್ಲಿ ಆ ಘಟಕ ಮುಚ್ಚಿತು.

ಐವತ್ತು ದಾಟಿದವರಿಗೆ, ಸಾಕಷ್ಟು ಕಾಲ ವಿಮೆ ಕಟ್ಟಿದ್ದರೆ, ನಿರುದ್ಯೋಗ ಭತ್ಯೆ 15 ತಿಂಗಳು ಸಿಗುತ್ತದೆ. ಹಿಂದಿನ ಕೈಸಂಬಳದ 60 ಶೇಕಡಾ, ಸಾಕಬೇಕಾದ ಮಗು ಇದ್ದರೆ 67. ತರಬೇತಿಯ ಅವಧಿಯ ಲೆಕ್ಕ ಬೇರೆ, ಆದರೂ ಆಕೆಯ ತಲೆಯಲ್ಲಿ ಒಂದು ಗಡಿಯಾರ ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಸೇರುವಾಗಿನ ಪರೀಕ್ಷೆಯಲ್ಲಿ ಬಂದದ್ದು ಎ2. ಯುರೋಪಿನ ಆರು ಮೆಟ್ಟಿಲ ಅಳತೆಯಲ್ಲಿ ಕೆಳಗಿನಿಂದ ಎರಡನೆಯದು. ಸರಿ, ಎ2 ಅಲ್ವಾ, ಪುಸ್ತಕ ತೆಗೆದು ಒಂದನೇ ಪಾಠದಿಂದ ಶುರುಮಾಡಿದೆ. ಹವಾಮಾನದ ಬಗ್ಗೆ ಲೋಕಾಭಿರಾಮದ ಮಾತು, ಹೋಟೆಲ್ ಬುಕಿಂಗ್, ಪ್ರೆಸೆಂಟ್ ಪರ್ಫೆಕ್ಟ್. ಮೂರು ವಾರ ಹೀಗೇ ಹೋಯಿತು. ಆಕೆ ಹೋಂವರ್ಕ್ ತಪ್ಪದೆ ಮಾಡುತ್ತಿದ್ದರು, ಬಣ್ಣಬಣ್ಣದ ಪೆನ್ನಲ್ಲಿ ಗೆರೆ ಎಳೆಯುತ್ತಿದ್ದರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ನಾನು ಅದನ್ನು ನಾಚಿಕೆ ಅಂದುಕೊಂಡೆ. ನಾಚಿಕೆ ಅಲ್ಲ, ಬೇಜಾರು. ಹೋಟೆಲ್ ರೂಮಿನ ಬಗ್ಗೆ ಹೇಳುವುದಕ್ಕೆ ಆಕೆಗೆ ಏನೂ ಇರಲಿಲ್ಲ.

ನಾಲ್ಕನೇ ವಾರದಲ್ಲಿ ಪುಸ್ತಕದಲ್ಲಿ ಒಂದು ಫೋನ್ ಸಂಭಾಷಣೆ ಬಂತು. ಮಾರುವವನು ಕೊಳ್ಳುವವನಿಗೆ ಹೇಳುತ್ತಾನೆ: ಸಾಮಾನು ವಿಮಾನದಲ್ಲಿ ಬರುತ್ತೆ, ಶರತ್ತು ಎಫ್‌ಓಬಿ, ಅಂದರೆ ಫ್ರೀ ಆನ್ ಬೋರ್ಡ್. ನಾನು ಓದಿ ಮುಂದಕ್ಕೆ ಹೋಗುತ್ತಿದ್ದೆ. ಹಿಂದಿನಿಂದ ಫ್ರಾವ್ ಕೆ. ಅವರ ದನಿ. "ನೋ. ದಿಸ್ ಈಸ್ ಫಾಲ್ಸ್."

ಜರ್ಮನ್ನಿನಲ್ಲಿ ತಪ್ಪು ಅನ್ನುವುದಕ್ಕೆ ಫಾಲ್ಶ್, ಅದೇ ಇಂಗ್ಲಿಷಿಗೆ ಜಾರಿ ಫಾಲ್ಸ್ ಆಗಿತ್ತು. ನಾನು ತಿದ್ದಲು ಬಾಯಿ ತೆರೆದೆ, ಪುಣ್ಯಕ್ಕೆ ಮುಚ್ಚಿಕೊಂಡೆ. ಯಾಕಂದರೆ ಆಕೆ ಎದ್ದು ಬೋರ್ಡಿನ ಹತ್ತಿರ ಬಂದಾಗಿತ್ತು. ಒಂದು ಹಡಗು, ಒಂದು ವಿಮಾನ ಬರೆದರು. "ಎಫ್‌ಓಬಿ ಓನ್ಲಿ ಶಿಪ್. ಏರ್‌ಪ್ಲೇನ್ ನೋ ಎಫ್‌ಓಬಿ. ಏರ್‌ಪ್ಲೇನ್, ಎಫ್‌ಸಿಎ!" ಆಮೇಲೆ ಐದು ನಿಮಿಷ ಮುರುಕು ಇಂಗ್ಲಿಷಿನಲ್ಲಿ, ಸಾಮಾನು ದಾರಿಯಲ್ಲಿ ಹಾಳಾದರೆ ನಷ್ಟ ಯಾರ ತಲೆಗೆ, ಯಾವ ಗೇಟಿನ ತನಕ ಮಾರುವವನ ಹೊಣೆ, ಎಲ್ಲಿಂದ ಕೊಳ್ಳುವವನ ಹೊಣೆ, ಇದನ್ನೆಲ್ಲ ಬಿಡಿಸಿ ಹೇಳಿದರು. ಹೇಳಿದ್ದು ಸರಿಯೇ. ಇನ್‌ಕೋಟರ್ಮ್ಸ್ ಅನ್ನುವ ಅಂತರರಾಷ್ಟ್ರೀಯ ನಿಯಮದಲ್ಲಿ ಎಫ್‌ಓಬಿ ಇರುವುದು ಸಮುದ್ರ ಮತ್ತು ಒಳನಾಡಿನ ಜಲಸಾರಿಗೆಗೆ ಮಾತ್ರ. ವಿಮಾನಕ್ಕೆ ಎಫ್‌ಸಿಎ, ಅಂದರೆ ಫ್ರೀ ಕ್ಯಾರಿಯರ್. ಪುಸ್ತಕ ಬರೆದವರಿಗೆ ಇಂಗ್ಲಿಷ್ ಗೊತ್ತಿತ್ತು, ಪರ್ಚೇಸ್ ಗೊತ್ತಿರಲಿಲ್ಲ.

ಬಿಡುವಿನಲ್ಲಿ ಕಾಫಿ ಮಷೀನ್ ಹತ್ತಿರ ಕೇಳಿದೆ. ಈ ಇಂಗ್ಲಿಷ್ ಎಲ್ಲಿ ಕಲಿತಿರಿ? ಇದು ಇಂಗ್ಲಿಷ್ ಅಲ್ಲ, ಕೆಲಸ ಅಂದರು. 27 ವರ್ಷ ದಿನಾ ಇಪ್ಪತ್ತು ಮೂವತ್ತು ಇಂಗ್ಲಿಷ್ ಇಮೇಲ್ ಓದಿದ್ದಾರೆ. ಓದುವುದು ಬಿ2 ಹತ್ತಿರ ಇತ್ತು, ಅಂದರೆ ನಾಲ್ಕನೇ ಮೆಟ್ಟಿಲು. ಮಾತು ಎ2. ಆ ಪರೀಕ್ಷೆ ಎರಡನ್ನೂ ಕಲಸಿ ಒಂದೇ ಅಂಕಿ ಕೊಟ್ಟಿತ್ತು, ನಾನು ಅದನ್ನು ನಂಬಿ ಮೂರು ವಾರ ಹಾಳುಮಾಡಿದ್ದೆ. ಈಗಲೂ ಅದನ್ನು ನೆನೆದರೆ ಮುಜುಗರ ಆಗುತ್ತದೆ.

ಅದೇ ವಾರ ಮೂರನೇ ಇಂಟರ್‌ವ್ಯೂನ ಕರೆ ಬಂತು. ಎರ್ಲಾಂಗನ್ ಕಡೆಯ ಒಂದು ಮಧ್ಯಮ ಗಾತ್ರದ ಕಂಪನಿ, ಪರ್ಚೇಸ್ ಹುದ್ದೆ. ಜಾಹೀರಾತಿನಲ್ಲಿ "ಫೆರ್‌ಹಾಂಡ್ಲುಂಗ್ಸ್‌ಝಿಷರ್ ಇಂಗ್ಲಿಷ್" ಬೇಕು ಅಂತ ಇತ್ತು. ವ್ಯಾಪಾರದ ಮಾತುಕತೆಯಲ್ಲಿ ಎಡವದ ಇಂಗ್ಲಿಷ್ ಅಂತ ಅರ್ಥ. ಜರ್ಮನ್ ಜಾಹೀರಾತುಗಳಲ್ಲಿ ಈ ಪದ ಉಪ್ಪಿನ ಹಾಗೆ, ಬೇಕೋ ಬೇಡವೋ ಎಲ್ಲದಕ್ಕೂ ಉದುರಿಸುತ್ತಾರೆ. ಆಕೆ ಅದನ್ನು ಅಕ್ಷರಶಃ ನಂಬಿ "ಇದು ನನಗಲ್ಲ" ಅಂತಿದ್ದರು. ಜೊತೆಗೆ ಇನ್ನೊಂದು ಸಾಲು: ಅರ್ಧ ಗಂಟೆ ಇಂಗ್ಲಿಷಿನಲ್ಲಿ, ವಿಡಿಯೋ ಕರೆಯಲ್ಲಿ ಬೆಂಗಳೂರು ಕಚೇರಿಯ ಸಹೋದ್ಯೋಗಿಯೂ ಇರುತ್ತಾರೆ.

ಹದಿನೈದು ದಿನ ಕೈಯಲ್ಲಿತ್ತು. ಪುಸ್ತಕ ಮುಚ್ಚಿಟ್ಟೆವು.

ಮೊದಲು ಹೇಳಿದೆ: ನಿಮ್ಮ ಕೆಲಸದ ಅತಿ ಕೆಟ್ಟ ವಾರ ಯಾವುದು, ಅದನ್ನು ಹೇಳಿ, ಜರ್ಮನ್ನಿನಲ್ಲೇ ಹೇಳಿ. ಯೋಚಿಸಲೇ ಇಲ್ಲ. 2021ರ ಮಾರ್ಚ್ ಅಂದರು. ಎವರ್ ಗಿವನ್ ಅನ್ನುವ 400 ಮೀಟರ್ ಉದ್ದದ ಹಡಗು ಮಾರ್ಚ್ 23ಕ್ಕೆ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು 29ರವರೆಗೆ ದಾರಿ ಕಟ್ಟಿತ್ತಲ್ಲ, ಅದರ ಹಿಂದೆ ಸಾಲುಗಟ್ಟಿ ನಿಂತ ಹಡಗುಗಳಲ್ಲಿ ಒಂದರಲ್ಲಿ ಈಕೆಯ ಕಂಟೇನರ್ ಇತ್ತು. ಪುಣೆಯಿಂದ ಹೊರಟು, ಮುಂಬೈನ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತಿ, ಹ್ಯಾಂಬರ್ಗ್‌ಗೆ ಬರಬೇಕಿದ್ದ ಲೋಹದ ಬಿಡಿಭಾಗಗಳು. ಕಾರ್ಖಾನೆಯಲ್ಲಿ ಒಂಬತ್ತು ದಿನಕ್ಕಾಗುವಷ್ಟು ಸಾಮಾನು ಮಾತ್ರ ಉಳಿದಿತ್ತು. ಎರಡು ಪ್ಯಾಲೆಟ್ ವಿಮಾನದಲ್ಲಿ ತರಿಸಲಾಯಿತು. ಲೈನ್ ನಿಲ್ಲಲಿಲ್ಲ.

ಈಗ ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಅಂದೆ. "ಇಟ್ ವಾಸ್ ಆರ್ಗನೈಸ್ಡ್ ಆ್ಯನ್ ಏರ್ ಫ್ರೇಟ್." ವ್ಯಾಕರಣ ಆಮೇಲೆ ನೋಡೋಣ, ಮಾಡಿದ್ದು ಯಾರು? "ವಿ." ವಿ ಅಂದರೆ ಯಾರ್‍ಯಾರು? "ಡಿಪಾರ್ಟ್‌ಮೆಂಟ್." ಡಿಪಾರ್ಟ್‌ಮೆಂಟಿನಲ್ಲಿ ಪುಣೆಗೆ ಫೋನ್ ಮಾಡಿದ್ದು ಯಾರು? ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಯಾ... ನಾನೇ" ಅಂದರು, ಜರ್ಮನ್ನಿನಲ್ಲಿ, ತಪ್ಪು ಒಪ್ಪಿಕೊಂಡವರ ಹಾಗೆ.

ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ. ಜರ್ಮನ್ನರಲ್ಲಿ ಒಂದು ಗಾದೆ ಇದೆ, ಐಗನ್‌ಲೋಬ್ ಷ್ಟಿಂಕ್ಟ್. ತನ್ನನ್ನು ತಾನೇ ಹೊಗಳಿಕೊಂಡರೆ ನಾರುತ್ತೆ ಅಂತ. ನಮ್ಮಲ್ಲಿ ತುಂಬಿದ ಕೊಡ ತುಳುಕೋದಿಲ್ಲ ಅಂತೇವೆ, ಮಾತು ಸ್ವಲ್ಪ ಮೃದು, ಬುದ್ಧಿವಾದ ಅದೇ. ಜರ್ಮನ್ ಅರ್ಜಿಯಲ್ಲಿ ಹೊಗಳುವ ಕೆಲಸ ಬೇರೆಯವರದ್ದು. ಹಳೇ ಯಜಮಾನ ಕೊಡುವ ಸರ್ಟಿಫಿಕೇಟ್, ಮಂಡಳಿಯ ಅಂಕಪಟ್ಟಿ, ಇವು ಮಾತಾಡುತ್ತವೆ. ಅರ್ಜಿದಾರ ಸುಮ್ನೆ ಕೂತರೆ ಸಾಕು. ಇಂಗ್ಲಿಷ್ ಇಂಟರ್‌ವ್ಯೂನಲ್ಲಿ ಆ ಕಾಗದಗಳಿಗೆ ಬಾಯಿಲ್ಲ. "ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್" ಅಂದಾಗ ನೀವೇ ಹೇಳಬೇಕು. ಆಕೆ ಕಲ್ಲಾಗುತ್ತಿದ್ದದ್ದು ಪದ ಸಿಗದೆ ಅಲ್ಲ, ತನ್ನ ಬಾಯಲ್ಲೇ ತನ್ನ ಬಗ್ಗೆ ಹೇಳುವ ಹೇಸಿಗೆಯಿಂದ.

"ನಾನು" ಅಂತ ಶುರುಮಾಡಿಸಲು ನಾಲ್ಕು ದಿನ ಹಿಡಿಯಿತು. ಒಂದು ದಿನ ಜಗಳವೇ ಆಯಿತು. ಇದು ಜಂಬ, ನಾನು ಅಮೆರಿಕನ್ ಅಲ್ಲ ಅಂತ ಪೆನ್ನು ಎಸೆದರು. ಆಗ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಗುಣವಾಚಕ ಒಂದೂ ಬೇಡ. ಎಕ್ಸಲೆಂಟ್, ಡೈನಾಮಿಕ್, ಪ್ಯಾಷನೇಟ್, ಎಲ್ಲ ಹೊರಗೆ. ಕ್ರಿಯಾಪದ ಮತ್ತು ಅಂಕಿ ಮಾತ್ರ. ಐ ಕಾಲ್ಡ್ ಪುಣೆ. ಐ ಆಸ್ಕ್ಡ್ ಫಾರ್ ಟೂ ಪ್ಯಾಲೆಟ್ಸ್ ಬೈ ಏರ್. ವಿ ಹ್ಯಾಡ್ ಸ್ಟಾಕ್ ಫಾರ್ ನೈನ್ ಡೇಸ್. ದ ಪಾರ್ಟ್ಸ್ ಕೇಮ್ ಆನ್ ಡೇ ಸೆವೆನ್. ದ ಲೈನ್ ಡಿಡ್ ನಾಟ್ ಸ್ಟಾಪ್. ಇದು ಹೊಗಳಿಕೆ ಅಲ್ಲ, ವರದಿ ಅಂದೆ. ವರದಿ ಕೊಡುವುದು ಆಕೆಗೆ ಗೊತ್ತಿತ್ತು. ಇಂಥ ಆರು ವರದಿಗಳನ್ನು ತಯಾರು ಮಾಡಿದೆವು, ಒಂದೊಂದೂ ಒಂದೂವರೆ ನಿಮಿಷ.

ತಿದ್ದುವುದಕ್ಕೆ ನಾಲ್ಕೇ ತಪ್ಪು ಆರಿಸಿಕೊಂಡೆ, ಮಿಕ್ಕಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು, ಬೆಕೊಮ್ಮೆನ್ ಅಂದರೆ ಸಿಗುವುದು, ಅದು ಬಿಕಮ್ ಅಲ್ಲ. "ಐ ಬಿಕಮ್ ಎ ಬೆಟರ್ ಪ್ರೈಸ್" ಅಂದರೆ ಇವರೇ ರೇಟ್ ಆಗಿಬಿಡುತ್ತಾರೆ. ಎರಡು, "ಸಿನ್ಸ್ 27 ಇಯರ್ಸ್ ಐ ವರ್ಕ್", ಫಾರ್ ಅನ್ನಬೇಕಾದ ಕಡೆ ಸಿನ್ಸ್. ಮೂರು, ಮಸ್ಟ್. "ಯು ಮಸ್ಟ್ ಸೆಂಡ್ ಮಿ ದ ಡ್ರಾಯಿಂಗ್" ಅನ್ನುವುದು ಜರ್ಮನ್ನಿಗೆ ಮಾಮೂಲು ಮಾತು, ಇಂಗ್ಲಿಷಿಗೆ ಪೊಲೀಸ್ ಠಾಣೆಯ ಮಾತು. ನಾಲ್ಕನೆಯದು ಅತಿ ಜಿಗುಟು: ಬಿಸ್. ಜರ್ಮನ್ನಿನಲ್ಲಿ "ಶುಕ್ರವಾರದ ತನಕ" ಮತ್ತು "ಶುಕ್ರವಾರದೊಳಗೆ" ಎರಡಕ್ಕೂ ಬಿಸ್ ಒಂದೇ. ಹಾಗಾಗಿ ಬೈ ಫ್ರೈಡೇ ಅನ್ನುವಲ್ಲೆಲ್ಲ ಅಂಟಿಲ್ ಫ್ರೈಡೇ. ನಮಗೆ ಕನ್ನಡದಲ್ಲಿ ತನಕ, ಒಳಗೆ ಬೇರೆ ಬೇರೆ ಇರುವುದರಿಂದ ಈ ಕಷ್ಟ ಅರ್ಥವೇ ಆಗುವುದಿಲ್ಲ. ಪರ್ಚೇಸ್‌ನಲ್ಲಿ ಇದು ಚಿಕ್ಕ ತಪ್ಪಲ್ಲ. ಶುಕ್ರವಾರದೊಳಗೆ ಒಂದು ಸಲ ಕಳಿಸಬೇಕೋ, ಶುಕ್ರವಾರದ ತನಕ ಕಳಿಸುತ್ತಾ ಇರಬೇಕೋ?

ಸಿವಿ ಬೇಗ ಮುಗಿಯಿತು. ಇಂಗ್ಲಿಷ್ ಪ್ರತಿಯಿಂದ ಫೋಟೋ, ಹುಟ್ಟಿದ ತಾರೀಕು, ಮಕ್ಕಳು, ಸಹಿ ತೆಗೆದೆವು. ಜರ್ಮನಿಯಲ್ಲೂ 2006ರ ಸಮಾನತೆ ಕಾನೂನು ಬಂದ ಮೇಲೆ ಫೋಟೋ ಕೇಳುವ ಹಾಗಿಲ್ಲ, ಆದರೂ ಜನ ಹಾಕುತ್ತಲೇ ಇದ್ದಾರೆ. ಒಂದು ಕಡೆ ಮಾತ್ರ ತಡೆಯಿತು. ಆಕೆಯ ತರಬೇತಿಯ ಹೆಸರು ಇಂಡುಸ್ಟ್ರೀಕೌಫ್‌ಫ್ರಾವ್. ಅದಕ್ಕೆ ಚಾಲ್ತಿಯಲ್ಲಿರುವ ಇಂಗ್ಲಿಷ್ ಅನುವಾದ ಇಂಡಸ್ಟ್ರಿಯಲ್ ಕ್ಲರ್ಕ್. ಕೋಟಿಗಟ್ಟಲೆ ಯೂರೋ ಸಾಮಾನು ಕೊಂಡ ಹೆಂಗಸು ಕಾಗದದ ಮೇಲೆ ಗುಮಾಸ್ತೆ ಆಗಿದ್ದರು. "ಮೂರು ವರ್ಷದ ವಾಣಿಜ್ಯ ತರಬೇತಿ, ವಾಣಿಜ್ಯ ಮಂಡಳಿಯ ಪರೀಕ್ಷೆ ಪಾಸು" ಅಂತ ಬಿಡಿಸಿ ಬರೆದೆವು.

ಹಳೇ ಕಂಪನಿಯ ಸರ್ಟಿಫಿಕೇಟನ್ನು ಅನುವಾದಿಸಬೇಡಿ ಅಂದೆ. ಜರ್ಮನಿಯಲ್ಲಿ ಕೆಲಸ ಬಿಟ್ಟವರಿಗೆ ಈ ಪತ್ರ ಕೊಡಲೇಬೇಕು, ಅದು ಕಾನೂನು. ಮಾತು ಕಹಿ ಇರಬಾರದು, ಅದೂ ನಿಯಮ. ಹಾಗಾಗಿ ಒಂದು ಗುಟ್ಟಿನ ಭಾಷೆ ಬೆಳೆದಿದೆ. "ನಮ್ಮ ಪೂರ್ಣ ತೃಪ್ತಿಗೆ" ಅಂದರೆ ಬರೀ ಸಾಧಾರಣ ಮಾರ್ಕು. "ಯಾವಾಗಲೂ ನಮ್ಮ ಅತಿ ಪೂರ್ಣ ತೃಪ್ತಿಗೆ" ಅಂದರೆ ಮೊದಲ ದರ್ಜೆ. ಪೂರ್ಣಕ್ಕಿಂತ ಪೂರ್ಣ ಹೇಗೆ ಅಂತ ಕೇಳಬೇಡಿ. "ಪ್ರಯತ್ನಪಟ್ಟರು" ಅಂತ ಇದ್ದರೆ ಕತೆ ಮುಗಿಯಿತು. ಆಕೆಯದ್ದು ಮೊದಲ ದರ್ಜೆ. ಇಂಗ್ಲಿಷಿಗೆ ಹಾಕಿದರೆ ಮೂರಕ್ಕೂ ಏನು ವ್ಯತ್ಯಾಸ ಕಾಣುತ್ತೆ?

ಬೆಂಗಳೂರಿನ ವಿಷಯ ಆಕೆ ತುಂಬಾ ಹಿಂಜರಿಯುತ್ತಾ ಎತ್ತಿದರು. "ಬೇಜಾರು ಮಾಡ್ಕೋಬೇಡಿ, ಫೋನಿನಲ್ಲಿ ಭಾರತದವರು ಹೇಳೋದು ನನಗೆ ಅರ್ಧ ತಿಳಿಯಲ್ಲ. ನೀವು ಹೇಳೋದು ತಿಳಿಯುತ್ತೆ." ನಾನು ಮೂರು ವಾರದಿಂದ ಪುಸ್ತಕದ ಸಿ.ಡಿ. ಹಾಕಿ ಲಂಡನ್ನಿನ ಉಚ್ಚಾರ ಕೇಳಿಸುತ್ತಿದ್ದೆ. ಆಕೆಗೆ ಬೇಕಾದ ಇಂಗ್ಲಿಷ್ ನನ್ನ ನಾಲಗೆ ಮೇಲೇ ಇತ್ತು! ಪೀಣ್ಯದಲ್ಲಿ ಮಷೀನ್ ಶಾಪ್ ನಡೆಸುವ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. "ಲೋ, ಅರ್ಧ ಗಂಟೆ ಸಪ್ಲೈಯರ್ ಆಗು, ನಿಜವಾಗಿ ಹೇಗೆ ಮಾತಾಡ್ತೀಯೋ ಹಾಗೇ ಮಾತಾಡು" ಅಂದೆ. ಮೂರು ಸಲ ಕರೆ ಮಾಡಿದೆವು. ಮೊದಲ ಸಲ ಅವನು "ಟ್ವೆಂಟಿಯೆತ್ ಮೋಸ್ಟ್ಲಿ ಆಗುತ್ತೆ ಮೇಡಂ" ಅನ್ನುವ ಧಾಟಿಯಲ್ಲಿ "ಮೋಸ್ಟ್ಲಿ ಇಟ್ ವಿಲ್ ಬಿ ಡನ್ ಮೇಡಂ" ಅಂದ. ಆಕೆ ಖುಷಿಯಿಂದ 20 ಅಂತ ಬರೆದುಕೊಂಡರು. ಫೋನ್ ಇಟ್ಟ ಮೇಲೆ ನಾನು ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ. ಎರಡನೇ ಸಲ ಆಕೆಯೇ ಕೇಳಿದರು: ಗೇಟಿನಿಂದ ಗಾಡಿ ಹೊರಡೋ ತಾರೀಕು ಹೇಳಿ. ಅವನು ಅಲ್ಲಿಂದ ಕನ್ನಡದಲ್ಲಿ, "ಪರವಾಗಿಲ್ವೇ, ಈಯಮ್ಮ ಬಿಡಲ್ಲ ಕಣೇ" ಅಂದ.

ಅವನ ಬಾಯಿಂದ ಪ್ರಿಪೋನ್ ಅನ್ನುವ ಪದ ಬಂತು. ಆಕೆ ಕುರ್ಚಿಯಿಂದ ಎದ್ದೇಬಿಟ್ಟರು. ಜರ್ಮನ್ನಿನಲ್ಲಿ ಮುಂದೂಡುವುದಕ್ಕೆ ಇರುವ ಹಾಗೆ ನಿಗದಿಗಿಂತ ಮುಂಚೆ ಇಟ್ಟುಕೊಳ್ಳುವುದಕ್ಕೂ ಒಂದು ಪದ ಇದೆ, ಫೋರ್‌ಫೆರ್‌ಲೇಗೆನ್. ಇಷ್ಟು ವರ್ಷ ಅದಕ್ಕೆ ಇಂಗ್ಲಿಷ್ ಪದ ಹುಡುಕುತ್ತಿದ್ದೆ, ಅದು ಭಾರತದಲ್ಲಿತ್ತಾ ಅಂದರು. ಮುಂದಿನ ಎರಡು ದಿನ ಎಲ್ಲವನ್ನೂ ಪ್ರಿಪೋನ್ ಮಾಡಿದರು, ಊಟದ ಬಿಡುವನ್ನೂ.

ಇಂಟರ್‌ವ್ಯೂನ ಹಿಂದಿನ ಶನಿವಾರ ರಿಹರ್ಸಲ್. ಹಾಫ್ ನೈನ್‌ಗೆ ಬನ್ನಿ ಅಂದಿದ್ದೆ. ಸಿ.ಡಿ.ಯ ಬ್ರಿಟಿಷ್ ಗಾಳಿ ನನಗೂ ಬಡಿದಿತ್ತು. ನಾನು ಒಂಬತ್ತೂವರೆ ಅಂದುಕೊಂಡು ಆರಾಮಾಗಿ ಹೋದರೆ, ಆಕೆ ಎಂಟೂ ಇಪ್ಪತ್ತರಿಂದ ಚಳಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದರು. ಜರ್ಮನ್ನಿನ ಹಾಲ್ಬ್ ನೊಯ್ನ್ ಅಂದರೆ ಎಂಟೂವರೆ. ನನ್ನದೇ ತಪ್ಪು, ಕಾಫಿ ಕೊಡಿಸಿದೆ. ಒಳಗೆ ಹೋಗಿ ಕೂತು, ನಿಮ್ಮ ಸ್ವಭಾವ ಎಂಥದ್ದು ಅಂತ ಕೇಳಿದೆ. ಗದ್ದ ಮೇಲೆತ್ತಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು, "ಐ ಆ್ಯಮ್ ಎ ವೆರಿ ಸೆಲ್ಫ್-ಕಾನ್ಷಿಯಸ್ ಪರ್ಸನ್." ಜರ್ಮನ್ನಿನ ಝೆಲ್ಬ್ಸ್ಟ್‌ಬೆವುಸ್ಟ್ ಅಂದರೆ ಆತ್ಮವಿಶ್ವಾಸ ಇರುವವರು. ಇಂಗ್ಲಿಷಿನಲ್ಲಿ ಅದು ನೇರ ಉಲ್ಟಾ, ಸಂಕೋಚದಿಂದ ಮುದುಡಿದವರು. ವಿವರಿಸಿದೆ. ಸ್ವಲ್ಪ ಯೋಚಿಸಿ, "ಹೋದ ತಿಂಗಳು ಕೇಳಿದ್ದರೆ ಎರಡೂ ಸರಿ ಇರ್ತಿತ್ತು" ಅಂತ ನಕ್ಕರು. ಹೇಗೂ ಗುಣವಾಚಕ ಬೇಡ ಅಂತ ಒಪ್ಪಂದ ಆಗಿತ್ತಲ್ಲ, ಅದನ್ನೂ ಹೊರಗೆ ಹಾಕಿದೆವು.

ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಭಾಗ ಅರ್ಧ ಗಂಟೆ ಅಂದಿದ್ದು ಹನ್ನೆರಡು ನಿಮಿಷಕ್ಕೆ ಮುಗಿಯಿತಂತೆ. ಸೂಯೆಜ್ ಕತೆಯೇ ಅದರಲ್ಲಿ ಅರ್ಧ. ಬೆಂಗಳೂರಿನವರು ಎಫ್‌ಸಿಎ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಅಲ್ಲಿಂದ ಇಬ್ಬರೂ ಕೆಲಸದ ಮಾತಿಗೆ ಬಿದ್ದು ಮಿಕ್ಕವರನ್ನು ಮರೆತರಂತೆ.

ಹುದ್ದೆ ಸಿಕ್ಕಿತು. ಆದರೆ ಎರಡು ವರ್ಷದ ಅವಧಿ ಒಪ್ಪಂದ, ಮೊದಲ ಆರು ತಿಂಗಳು ಪ್ರೊಬೇಷನ್, ಸಂಬಳ ಹಿಂದಿನದ್ದಕ್ಕಿಂತ ಕಮ್ಮಿ. ಕಾರಣ ಕೊಡದೆ ಹೀಗೆ ಅವಧಿ ಹಾಕಿ ಕೆಲಸಕ್ಕಿಡಲು ಕಾನೂನಿನಲ್ಲಿ ಸಾಮಾನ್ಯವಾಗಿ ಎರಡು ವರ್ಷ ಮಿತಿ, ಕಂಪನಿಗಳು ಆ ಮಿತಿಯನ್ನು ಪೂರ್ತಿ ಬಳಸುತ್ತವೆ. ಒಂದು ವಾರ ನಿದ್ದೆ ಬಿಟ್ಟು ಯೋಚಿಸಿ ಸಹಿ ಹಾಕಿದರು. ಕೋರ್ಸಿನ ಕೊನೆಯ ಪರೀಕ್ಷೆಯಲ್ಲಿ ಆಕೆಗೆ ಬಂದದ್ದು ಬಿ1, ಅಂದರೆ ಒಂದೇ ಮೆಟ್ಟಿಲು ಮೇಲೆ, ಅದೂ ಅಂಚಿನಲ್ಲಿ. ಸಂಸ್ಥೆಯ ಕಡತದಲ್ಲಿ ಇರುವುದು ಅಷ್ಟೇ.

ಇದೇ ದಾರಿ ಎಲ್ಲರಿಗೂ ಆಯಿತಾ ಅಂದರೆ, ಇಲ್ಲ. ಅದೇ ಗುಂಪಿನಲ್ಲಿ 58 ವರ್ಷದ ಒಬ್ಬ ಮಷೀನ್ ಆಪರೇಟರ್ ಇದ್ದರು, ನನ್ನನ್ನು ಮೇಲಿಂದ ಕೆಳಗೆ ನೋಡಿದವರೇ. ಕೆಲಸದ ಕತೆ ಹೇಳಿ ಅಂದಾಗ ಕೊನೆಯ ಎರಡು ವರ್ಷ ಕಾಯಿಲೆ, ಅದಕ್ಕಿಂತ ಹಿಂದಿನದು ಹೇಳುವ ಮನಸ್ಸಿಲ್ಲ ಅಂದರು. ನಾನು ಒತ್ತಾಯ ಮಾಡಲಿಲ್ಲ. ಅವರಿಗೆ ಪುಸ್ತಕದ ಹೋಟೆಲ್ ಬುಕಿಂಗೇ ಹಿತವಾಗಿತ್ತು, ಅಲ್ಲಿ ಯಾರೂ ಅವರ ಬಗ್ಗೆ ಕೇಳುವುದಿಲ್ಲವಲ್ಲ. ಕೋರ್ಸ್ ಮುಗಿದಾಗ ಅವರಿಗೆ ಕೆಲಸ ಸಿಕ್ಕಿರಲಿಲ್ಲ. ಏನು ಮಾಡಬಹುದಿತ್ತು ಅಂತ ಇವತ್ತಿಗೂ ಹೊಳೆದಿಲ್ಲ.

ಹೋದ ವಾರ ಫ್ರಾವ್ ಕೆ. ಮೆಸೇಜ್ ಕಳಿಸಿದ್ದರು. ಒಪ್ಪಂದ ಮುಂದುವರಿಯುತ್ತೋ ಇಲ್ಲವೋ ಕಂಪನಿ ಇನ್ನೂ ಹೇಳಿಲ್ಲ, ಯಾವುದಕ್ಕೂ ಇರಲಿ ಅಂತ ಸಿವಿಗೆ ಒಂದು ಸಾಲು ಸೇರಿಸಿದ್ದೇನೆ, ನೋಡಿ ಅಂತ. ಸಾಲು ಚೆನ್ನಾಗಿತ್ತು. ಕ್ರಿಯಾಪದದಿಂದ ಶುರು, ಮೂರು ಅಂಕಿ, ಗುಣವಾಚಕ ಒಂದೂ ಇಲ್ಲ: ಒಬ್ಬ ಸಪ್ಲೈಯರ್ ಜೊತೆ ಮಾತಾಡಿ, 2025ರ ಸೆಪ್ಟೆಂಬರಿನೊಳಗೆ, ಸಾಮಾನು ಬರುವ ಕಾಲವನ್ನು ಒಂಬತ್ತು ವಾರದಿಂದ ಆರಕ್ಕೆ ಇಳಿಸಿದ್ದು. ತಿದ್ದಿದ್ದು ಒಂದೇ ಪದ. ಮತ್ತೆ ಅದೇ ಅಂಟಿಲ್.